ಭಟ್ಟಿಯ ಮುಂದೆ ಅಂಗಿ

ಭಟ್ಟಿಯ ಮುಂದೆ ಅಂಗಿ ತೊಟ್ಟು ನಿಲ್ಲಬಾರದೆಂಬುದು ಆ ಮನೆಯ ಮೊದಲ ಕಟ್ಟಳೆ. ಮಿಕ್ಕ ಕಟ್ಟಳೆಗಳೆಲ್ಲ ಕಾಲ ಕಳೆದಂತೆ ಸಡಿಲಗೊಂಡಿದ್ದವು. ಅಪ್ಪನ ಎದುರು ಕಾಲ ಮೇಲೆ ಕಾಲು ಹಾಕಿ ಕೂರುವುದು, ತುತ್ತು ಬಾಯಲ್ಲಿರುವಾಗಲೇ ಮೊಬೈಲು ನೋಡುವುದು, ಸೊಸೆ ಮಾವನ ಮಾತಿಗೆ ಮಾತು ಕೊಡುವುದು, ಎಲ್ಲವೂ ಒಂದಿಷ್ಟು ಗೊಣಗಾಟದೊಂದಿಗೆ ನಡೆದುಹೋಗುತ್ತಿತ್ತು. ಇದೊಂದು ಮಾತ್ರ ಕಲ್ಲಿನಲ್ಲಿ ಕೊರೆದಂತೆ ಉಳಿದಿತ್ತು. ಅದಕ್ಕೆ ಕಾರಣವೂ ಇತ್ತು. ಆ ಬೇಕರಿಯನ್ನು ಕಟ್ಟಿದವನು ಅಪ್ಪನ ಅಣ್ಣ. ಒಂದು ಚಳಿಯ ಮುಂಜಾನೆ ಅವನು ಅಗಲ ತೋಳಿನ ಅಂಗಿ ತೊಟ್ಟು ಬ್ರೆಡ್ಡು ಹೊರಗೆಳೆಯಲು ಬಾಗಿದ್ದ. ತೋಳಿಗೆ ಹತ್ತಿದ ಕಿಡಿಯನ್ನು ತಟ್ಟಿ ಆರಿಸುವಷ್ಟರಲ್ಲಿ ಮನುಷ್ಯನೇ ಕೊಳ್ಳಿಯಾಗಿದ್ದ. ಅಂದಿನಿಂದ ಭಟ್ಟಿಯ ಬಾಯಿಗೆ ಹೋಗುವವನು ಸೊಂಟದ ಮೇಲೆ ಒಂದು ನೂಲೆಳೆಯೂ ಇಲ್ಲದೆ ಹೋಗಬೇಕು.

ಹೀಗಿರುವಾಗ ಒಂದು ಬೆಳಗ್ಗೆ ಹಿರಿಯ ಮಗ, ಮನೆಯವರೆಲ್ಲ ದೊಡ್ಡೋನು ಎಂದು ಕರೆಯುವವನು, ಕೊರಳ ಗುಂಡಿಯವರೆಗೆ ಬಿಗಿದ ದಪ್ಪ ಅಂಗಿಯಲ್ಲಿ ಬಂದು ಮರದ ಸಲಿಕೆಗೆ ಕೈ ಹಾಕಿದ. ಬ್ರೆಡ್ಡನ್ನು ಒಳಕ್ಕೆ ತಳ್ಳುವ, ಹೊರಕ್ಕೆಳೆಯುವ ಆ ಉದ್ದ ಹಿಡಿಯ ಸಲಿಕೆ ಯಾರ ಕೈಯಲ್ಲಿದೆಯೋ ಅವನೇ ಬೇಕರಿಯ ಮುಂದಿನ ಯಜಮಾನ.

ಗಲ್ಲಾದ ಹಿಂದೆ ಕುಳಿತಿದ್ದ ಅಪ್ಪ ಕನ್ನಡಕ ತೆಗೆದ.

"ಏನೋ ಅದು?"

"ಚಳಿ, ಅಪ್ಪ."

"ಭಟ್ಟಿ ಮುಂದೆ ಚಳಿಯಂತೆ! ಮೀನಿಗೆ ನೀರಲ್ಲಿ ಬಾಯಾರಿಕೆ ಆಯ್ತಂತೆ, ಹಂಗಾಯ್ತು. ಬಿಚ್ಚು."

"ಜ್ವರ ಇದೆ."

"ಜ್ವರ ಇದ್ರೆ ಮಲಗು. ಸಲಿಕೆ ಚಿಕ್ಕೋನಿಗೆ ಕೊಡು."

ಹಿಟ್ಟಿನ ತೊಟ್ಟಿಯ ಬಳಿ ನಿಂತಿದ್ದ ತಮ್ಮ, ನಾಲಿಗೆಯೊಂದೇ ಚುರುಕಾಗಿದ್ದ ಚಿಕ್ಕವನು, ತಲೆಯೆತ್ತದೆ ನಕ್ಕ. "ಬಿಡಪ್ಪಾ, ಅಣ್ಣನಿಗೆ ಈ ನಡುವೆ ನಾಚಿಕೆ ಜಾಸ್ತಿ. ಹೊಸ ಮದುವಣಗಿತ್ತಿ ಥರ ಮುಚ್ಕೊಂಡು ಓಡಾಡ್ತಾನೆ."

ದೊಡ್ಡವನು ಸಲಿಕೆ ಬಿಡಲಿಲ್ಲ. ತೋಳು ಮಡಚಿ, ಅಂಗಿಯ ಅಂಚನ್ನು ಸೊಂಟಕ್ಕೆ ಬಿಗಿದು, ಒಂದರ ಹಿಂದೊಂದರಂತೆ ಹಲಗೆಯ ಮೇಲಿದ್ದುದನ್ನೆಲ್ಲ ಒಳಕ್ಕೆ ತಳ್ಳಿದ. ಅಪ್ಪ ಅಂದು ಸುಮ್ಮನಾದ. ಆದರೆ ಸುಮ್ಮನಾಗುವುದು ಅವನ ಸ್ವಭಾವವಲ್ಲ. ಹುಳಿ ಹಾಕಿದ ಹಿಟ್ಟು ಬಟ್ಟೆಯಡಿಯಲ್ಲಿ ಸದ್ದಿಲ್ಲದೆ ಉಬ್ಬುವಂತೆ ಅವನ ಕೋಪವೂ ಉಬ್ಬಲು ಹೊತ್ತು ತೆಗೆದುಕೊಳ್ಳುತ್ತಿತ್ತು.

ದೊಡ್ಡವನಿಗೆ ಜ್ವರವಿರಲಿಲ್ಲ. ಎದೆಯ ಎರಡೂ ಕಡೆ ಮೊಲೆತೊಟ್ಟಿನ ಹಿಂದೆ ಮೊದಲು ಕಡಲೆಕಾಳಿನಷ್ಟು ಗಂಟು, ಆಮೇಲೆ ನೆಲ್ಲಿಕಾಯಿಯಷ್ಟು, ಈಗ ಕನ್ನಡಿಯೆದುರು ಪಕ್ಕಕ್ಕೆ ತಿರುಗಿ ನಿಂತರೆ ಕಣ್ಣಿಗೆ ಕಾಣುವಷ್ಟು ಬೆಳೆದಿತ್ತು. ಹಿಟ್ಟಿನ ಚೀಲ ಎದೆಗೊತ್ತಿದರೆ ಪ್ರಾಣ ಹೋದಂತಾಗುತ್ತಿತ್ತು. ಚೀಲ ಹೊತ್ತು, ಸೌದೆ ಸೀಳಿ ಬೆಳೆದ ಅಗಲವಾದ ಎದೆ ಅದು. ಓಣಿಯ ಹುಡುಗರು ಒಂದು ಕಾಲದಲ್ಲಿ ಅದಕ್ಕೆ ಗುದ್ದಿ ಕೈ ನೋಯಿಸಿಕೊಂಡು ಹೋಗುತ್ತಿದ್ದರು.

ಯಾರನ್ನು ಕೇಳುವುದು? ವೈದ್ಯರ ಬಳಿಗೆ ಹೋದರೆ ಅಂಗಿ ಬಿಚ್ಚಬೇಕು. ಅಂಗಿ ಬಿಚ್ಚದೆ ಕೇಳಬಹುದಾದದ್ದು ಮೊಬೈಲೊಂದನ್ನೇ. ಅದು ಮುಜುಗರಪಡದೆ ಉತ್ತರ ಕೊಟ್ಟಿತು. ಹೆಂಗಸರ ದೇಹದಲ್ಲಿ ಹೆಚ್ಚಾಗಿರುವ ಈಸ್ಟ್ರೊಜೆನ್ ಎಂಬ ರಸ ಗಂಡಸಿನಲ್ಲಿ ಏರಿದರೆ ಹೀಗಾಗುತ್ತದೆ, ಅದನ್ನು ತಗ್ಗಿಸಬೇಕು, ತಗ್ಗಿಸುವುದಕ್ಕೆ ಆಸ್ಪಿರಿನ್ ಸಾಕು, ತಲೆನೋವಿನ ಮಾತ್ರೆ, ಎಲ್ಲಿ ಬೇಕಾದರೂ ಸಿಗುತ್ತದೆ. ಬರೆದವನು ಯಾರೋ, ಎಲ್ಲಿಯವನೋ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ.

ಅವನು ಓಣಿಯ ಮೆಡಿಕಲ್ ಶಾಪನ್ನು ಬಿಟ್ಟು ದೂರದ ರಸ್ತೆಗೆ ಹೋಗಿ ಮಾತ್ರೆ ತಂದ. ತನ್ನ ತಲೆನೋವು ಒಂದೇ ಅಂಗಡಿಗೆ ಅತಿಯಾಗಬಾರದೆಂದು ಅದನ್ನು ಹಲವು ಅಂಗಡಿಗಳಿಗೆ ಹಂಚಿದ. ಮೊದಲು ಊಟಕ್ಕೊಂದು, ಅನಂತರ ಊಟಕ್ಕೆರಡು, ಆಮೇಲೆ ಊಟವಿಲ್ಲದೆಯೂ. ಮಾತ್ರೆಯ ಹಾಳೆಗಳು ಖಾಲಿ ಹಿಟ್ಟಿನ ಚೀಲಗಳ ನಡುವೆ ಅಡಗಿದವು. ಎದೆ ಇಳಿಯಲಿಲ್ಲ. ಹೊಟ್ಟೆಯಲ್ಲಿ ಇನ್ನೊಂದು ಭಟ್ಟಿ ಹೊತ್ತಿಕೊಂಡಿತು. ಕಿವಿಯಲ್ಲಿ ಸದಾ ಜೀರುಂಡೆಯ ಸದ್ದು. ಚೀಲ ತಗುಲಿದ ಕಡೆಯೆಲ್ಲ ಮೈ ನೇರಳೆಯಾಯಿತು.

ಬೆಂಕಿಯೆದುರಿನ ಕೆಲಸದವರ ಮುಂಗೈ ಎಂದೂ ಸುಡದೆ ಇರುವುದಿಲ್ಲ. ಅವನ ಎರಡು ಮುಂಗೈಗಳ ಮೇಲೂ ಹಳೆಯ ಬರೆ, ಹೊಸ ಬರೆ, ಚರ್ಮ ಸುಲಿದ ಹಸಿ ಬರೆ. ಕೆಲಸ ಮುಗಿಸಿ ಕೈಕಾಲು ತೊಳೆಯಲು ಹೋದಾಗ ಬಚ್ಚಲುಮನೆಯ ಗೂಡಿನಲ್ಲಿದ್ದ ಕೆಂಪು ಮುಚ್ಚಳದ ಡಬ್ಬಿಯಿಂದ ಸುಟ್ಟಗಾಯದ ಮುಲಾಮನ್ನು ಬೆರಳ ತುಂಬ ತೆಗೆದು ಮೊಣಕೈಯವರೆಗೂ ಬಳಿದುಕೊಳ್ಳುವುದು ಅವನ ರೂಢಿ. ಮೊದಲೆಲ್ಲ ಆ ಮುಲಾಮು ಹಳದಿಯಾಗಿ ಜಿಗುಟಾಗಿರುತ್ತಿತ್ತು. ಈಚಿನ ಕೆಲವು ತಿಂಗಳಿಂದ ಬೆಳ್ಳಗೆ, ಬೆಣ್ಣೆಯಷ್ಟು ನುಣ್ಣಗೆ ಬರುತ್ತಿತ್ತು. ಮಾಡುವವರು ಬದಲಾಯಿಸಿರಬೇಕೆಂದುಕೊಂಡ. ಉರಿಯಂತೂ ಬೇಗ ತಣಿಯುತ್ತಿತ್ತು.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರುವುದು ಪದ್ಧತಿ. ಅಡುಗೆಮನೆಯ ಒಂದು ಗೋಡೆ ಭಟ್ಟಿಯ ಬೆನ್ನಿಗೆ ಅಂಟಿಕೊಂಡಿದ್ದರಿಂದ ಅಲ್ಲಿ ಸದಾ ಬೆಚ್ಚಗಿರುತ್ತಿತ್ತು. ಮಾರಾಟವಾಗದೆ ಉಳಿದ ಬ್ರೆಡ್ಡಿನ ಅಂಚು, ಬೇಯಿಸಿದ ಮೊಟ್ಟೆ, ಆಲೂಗಡ್ಡೆ.

"ಅತ್ತೆ ಬೆಳಗ್ಗೆ ಮತ್ತೆ ಮೆಡಿಕಲ್ ಶಾಪಿಗೆ ಹೋಗಿದ್ರು," ಎಂದಳು ಸೊಸೆ, ದೊಡ್ಡವನ ಹೆಂಡತಿ, ಮೊಟ್ಟೆ ಸುಲಿಯುತ್ತ. "ಹೋದ ವಾರ ತಾನೇ ಹೋಗಿದ್ರಲ್ಲ, ಮೈ ಚೆನ್ನಾಗಿಲ್ವಾ ಅತ್ತೆ?"

"ಕಾಲುನೋವು ಕಣಮ್ಮ," ಎಂದಳು ಅಮ್ಮ ತಟ್ಟನೆ.

"ಈ ಮನೇಲಿ ಎಲ್ಲರಿಗೂ ಒಂದೊಂದು ನೋವು," ಎಂದ ಅಪ್ಪ. "ಒಬ್ಬನಿಗೆ ಚಳಿ, ಒಬ್ಬಳಿಗೆ ಕಾಲು. ನನಗೊಬ್ಬನಿಗೆ ಏನೂ ಇಲ್ಲ. ಹೇಳೋ ದೊಡ್ಡೋನೇ, ಎಷ್ಟು ದಿನ ಈ ವೇಷ?"

ಕಿವಿಯ ಜೀರುಂಡೆಗಳ ನಡುವೆ ದೊಡ್ಡವನಿಗೆ ಅದು ಕೇಳಿಸಲಿಲ್ಲ. ಅವನು ತಟ್ಟೆಯನ್ನೇ ನೋಡುತ್ತಿದ್ದ.

ತಾಮ್ರದ ಲೋಟ ಹಾರಿಬಂದು ಅವನ ಹುಬ್ಬಿಗೆ ಬಡಿಯಿತು.

"ಅಪ್ಪ ಮಾತಾಡಿದ್ರೆ ಉತ್ತರ ಕೊಡಬೇಕು! ಸೋಮವಾರ ನೀನು ಮೈಮೇಲೆ ಅಂಗಿ ಇಟ್ಕೊಂಡು ಬಂದ್ಯೋ, ಸಲಿಕೆ ಚಿಕ್ಕೋನಿಗೆ. ಆಮೇಲೆ ನೀನು ಅಂಗಡಿ ಗುಡಿಸು. ನಿನ್ನ ಹೆಂಡ್ತೀನೂ ಕರ್ಕೊಂಡು ಗುಡಿಸು."

ನೀರು ಬ್ರೆಡ್ಡಿನ ಮೇಲೆ ಹರಿಯಿತು. ಹುಬ್ಬಿನಿಂದ ಸಣ್ಣಗೆ ಇಳಿಯತೊಡಗಿದ ರಕ್ತ ಊಟ ಮುಗಿದರೂ ನಿಲ್ಲಲಿಲ್ಲ. ಯಾರೂ ಅದನ್ನು ಗಮನಿಸಲಿಲ್ಲ; ಆ ಮನೆಯಲ್ಲಿ ಲೋಟ ಹಾರುವುದು ಹೊಸದಾಗಿರಲಿಲ್ಲ.

ಸೋಮವಾರಕ್ಕೆ ಮುಂಚೆಯೇ ಇನ್ನೊಂದು ಬೆಂಕಿ ಹೊತ್ತಿತು. ಮುಂಜಾವದಲ್ಲಿ ಏಳುವ ಬೇಕರಿಯವರಿಗೆ ಮಧ್ಯಾಹ್ನವೇ ನಿದ್ದೆ. ಅವನು ಕೋಣೆಯ ಅಗುಳಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ ಹೆಂಡತಿ ಬಾಗಿಲು ತಟ್ಟಿದಳು. ಅಂಗಿ ತೊಟ್ಟು, ಗುಂಡಿ ಹಾಕಿ, ಬಾಗಿಲು ತೆರೆಯುವಷ್ಟರಲ್ಲಿ ಅವಳ ತಾಳ್ಮೆ ಮುಗಿದಿತ್ತು.

"ಹಗಲುಹೊತ್ತಲ್ಲಿ ಅಗುಳಿ ಯಾಕೆ ರೀ? ಒಳಗೆ ಯಾರಿದ್ರು?"

"ಯಾರೂ ಇಲ್ಲ. ಮಲಗು."

"ಮೂರು ತಿಂಗಳಿಂದ ಮಲಗ್ತಾನೇ ಇದ್ದೀನಿ, ಗೋಡೆ ಕಡೆ ಮುಖ ಮಾಡಿ. ಆ ಅಂಗಿ ಕೊಡಿ, ಒಗೆಯಕ್ಕೆ. ನಾತ ಬರ್ತಿದೆ."

"ನಾನೇ ಒಗೀತೀನಿ."

"ಯಾವ ಗಂಡಸು ತನ್ನ ಅಂಗಿ ತಾನೇ ಒಗೀತಾನೆ? ಯಾವಳ ಹಲ್ಲಿನ ಗುರುತು ಮುಚ್ಕೊಂಡಿದ್ದೀರಿ, ನಾನೂ ನೋಡ್ತೀನಿ!" ಎಂದು ಅವಳು ಮೇಲಿನ ಗುಂಡಿಗೆ ಕೈ ಹಾಕಿದಳು.

ಅವನ ಕೈ ಎದ್ದದ್ದು ಅವನಿಗೇ ತಿಳಿಯಲಿಲ್ಲ ಎಂದರೆ ಅದು ಸುಳ್ಳಾದೀತು. ತಿಳಿದಿತ್ತು. ಚೀಲ ಎತ್ತುವ ಕೈ ಪೂರ್ತಿ ಬಲದಿಂದ ಬಿತ್ತು. ಅವಳು ಮಂಚದ ಕಾಲಿಗೆ ತಲೆ ಬಡಿದು ಕುಳಿತಳು. ಅಳಲಿಲ್ಲ. ಕೆನ್ನೆ ಮುಟ್ಟಿಕೊಂಡು, "ಸರಿ. ಹಾಗಾದ್ರೆ ನಿಜ," ಎಂದಷ್ಟೇ ಹೇಳಿ ಎದ್ದುಹೋದಳು.

ಸಂಜೆ ಅಡುಗೆಮನೆಯಲ್ಲಿ ಅಮ್ಮ ಸೊಸೆಯ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಹೊಸ್ತಿಲಾಚೆ ಸೌದೆ ಜೋಡಿಸುತ್ತಿದ್ದ ದೊಡ್ಡವನಿಗೆ ಮಾತು ಕೇಳಿಸಿತು.

"ಕೆನ್ನೆಗೆ ಏನಾಯ್ತಮ್ಮ?"

"ಬಾಗಿಲು ತಗಲ್ತು, ಅತ್ತೆ."

ಅಮ್ಮ ಗಲ್ಲ ಬಿಟ್ಟಳು. "ಈ ಮನೆ ಬಾಗಿಲಿಗೆ ಐದು ಬೆರಳು. ನನಗೂ ಬಹಳ ಸಲ ತಗಲಿದೆ. ಅರಿಶಿನ ಹಚ್ಚಬೇಡ, ಕಲೆ ಎದ್ದು ಕಾಣುತ್ತೆ. ತಣ್ಣೀರು ಬಟ್ಟೆ ಒತ್ಕೋ."

ಸೌದೆಯ ತುಂಡೊಂದು ಅವನ ಕೈಯಿಂದ ಜಾರಿ ಕಾಲಿನ ಮೇಲೆ ಬಿತ್ತು. ಅವನು ಎತ್ತಿಕೊಳ್ಳಲಿಲ್ಲ. ಆ ಸಂಜೆ ಎರಡು ಮಾತ್ರೆ ಹೆಚ್ಚಿಗೆ ನುಂಗಿದ.

ಸೋಮವಾರ ಬಂತು. ಅಂಗಡಿಯ ಮುಂದೆ ಬೆಳಗಿನ ಗಿರಾಕಿಗಳು. ಗಲ್ಲಾದ ಹಿಂದಿನ ಬಾಗಿಲು ತೆರೆದೇ ಇದ್ದುದರಿಂದ ಭಟ್ಟಿ ಅವರೆಲ್ಲರಿಗೂ ಕಾಣುತ್ತಿತ್ತು. ದೊಡ್ಡವನು ಅಂಗಿ ತೊಟ್ಟೇ ಬಂದ. ಅಪ್ಪ ಚಿಲ್ಲರೆ ಎಣಿಸುವುದನ್ನು ಬಿಟ್ಟು ಎದ್ದ. ನಡೆಯುವಾಗ ಅವಸರವಿರಲಿಲ್ಲ.

"ಬಿಚ್ಚು."

"ಅಪ್ಪ, ಗಿರಾಕಿಗಳಿದ್ದಾರೆ. ಆಮೇಲೆ ಮಾತಾಡೋಣ."

"ನನ್ನ ಅಣ್ಣ ಸುಟ್ಟು ಕರಕಲಾದ ಜಾಗ ಇದು! ಬಿಚ್ಚು ಅಂದ್ರೆ ಬಿಚ್ಚಬೇಕು!"

ಎರಡೂ ಕೈಗಳಿಂದ ಕೊರಳಪಟ್ಟಿ ಹಿಡಿದು ಅಪ್ಪ ಎಳೆದ. ಹಳೆಯ ಬಟ್ಟೆ, ಹಳೆಯ ಬಲ. ಗುಂಡಿಗಳು ಹಾರಿ ಹಿಟ್ಟಿನ ತೊಟ್ಟಿಗೆ ಬಿದ್ದವು. ಅಂಗಿ ಸೊಂಟದವರೆಗೆ ಸೀಳಿಕೊಂಡು ಎರಡು ಹೋಳಾಗಿ ಜೋತುಬಿತ್ತು.

ಭಟ್ಟಿಯ ಕೆಂಪು ಬೆಳಕು ಮರೆಮಾಚದೆ ಎಲ್ಲವನ್ನೂ ತೋರಿಸಿತು. ನಾದುತ್ತಿದ್ದ ಇಬ್ಬರು ಕೆಲಸಗಾರರ ಕೈ ನಿಂತಿತು. ಗಿರಾಕಿಯೊಬ್ಬ ಕತ್ತು ಚಾಚಿದ. ಅಪ್ಪ ಹರಿದ ಬಟ್ಟೆಯ ಚೂರನ್ನು ಮುಷ್ಟಿಯಲ್ಲಿ ಹಿಡಿದು ಬಾಯಿ ತೆರೆದೇ ನಿಂತ. ಆ ನಿಶ್ಶಬ್ದದಲ್ಲಿ ಒಂದು ಕ್ಷಣ ಯಾರಾದರೂ ಒಂದು ಟವೆಲು ಎಸೆದಿದ್ದರೆ ಮುಂದಿನದು ನಡೆಯುತ್ತಿರಲಿಲ್ಲವೇನೋ. ಆದರೆ ಚಿಕ್ಕವನ ನಾಲಿಗೆ ತಡೆಯಲಿಲ್ಲ.

"ಅಯ್ಯಯ್ಯೋ! ಇಷ್ಟು ವರ್ಷ ಅಣ್ಣ ಅಣ್ಣ ಅಂತಿದ್ದೆ. ಅಕ್ಕ ಕಣ್ರೋ ಇದು!"

ಒಬ್ಬ ಕೆಲಸಗಾರ ಕಿಸಕ್ಕೆಂದ.

ದೊಡ್ಡವನು ಸಲಿಕೆ ಎತ್ತಿ ಬೀಸಿದ. ಮರದ ಅಂಚು ಚಿಕ್ಕವನ ಭುಜಕ್ಕೆ ಬಡಿದ ಸದ್ದು ಸೌದೆ ಸೀಳಿದ ಸದ್ದಿನಂತಿತ್ತು. ಅವನು ತೊಟ್ಟಿಯ ಮೇಲೆ ಮುಗ್ಗರಿಸಿ, ಎದ್ದು, ಕೈಗೆ ಸಿಕ್ಕ ಕಬ್ಬಿಣದ ಬ್ರೆಡ್ಡಿನ ಅಚ್ಚನ್ನು ಅಣ್ಣನ ಮುಖಕ್ಕೆ ಬೀಸಿ ಎಸೆದ. ಮೂಗಿನ ಮೂಳೆ ಮುರಿದದ್ದು ಎಲ್ಲರಿಗೂ ಕೇಳಿಸಿತು. ದೊಡ್ಡವನು ಅಷ್ಟಕ್ಕೂ ನಿಲ್ಲದೆ ತಮ್ಮನ ಕೊರಳಿಗೆ ಕೈ ಹಾಕಿ ಅವನ ತಲೆಯನ್ನು ಹಿಟ್ಟಿನೊಳಗೆ ಅದುಮಿದ. ಅಪ್ಪ ಹಿರಿಯವನ ಬೆನ್ನಿಗೂ ತಲೆಗೂ ಗುದ್ದುತ್ತ, "ಬಿಡೋ, ಸಾಯ್ತಾನೆ! ಒಡಹುಟ್ಟಿದವನ ಮೇಲೆ ಕೈ ಮಾಡ್ತೀಯೇನೋ!" ಎಂದು ಕೂಗಿದ. ಕೆಲಸಗಾರರು ಕಾಲು ಹಿಡಿದೆಳೆದು ಬಿಡಿಸಿದರು.

ಚಿಕ್ಕವನು ಹಿಟ್ಟು ಉಗುಳುತ್ತ ಎದ್ದ. ದೊಡ್ಡವನು ಏಳಲಿಲ್ಲ. ಅವನ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಎಲ್ಲರ ಮೂಗಿನಿಂದಲೂ ಒಮ್ಮೊಮ್ಮೆ ಸುರಿಯುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಇದು ನಿಲ್ಲಲಿಲ್ಲ. ಅಮ್ಮ ತಂದ ಮೊದಲ ಬಟ್ಟೆ ತೊಯ್ದು ಎರಡನೆಯದೂ ತೊಯ್ಯಿತು. ತೊಟ್ಟಿಯ ಹಿಟ್ಟು ಕೆಂಪಾಯಿತು.

"ನಾಟಕ," ಎಂದ ಅಪ್ಪ. ಧ್ವನಿಯಲ್ಲಿ ಕಸುವಿರಲಿಲ್ಲ.

ಓಡಿಬಂದ ಹೆಂಡತಿ ಗಂಡನ ಬರಿಯ ಎದೆಯನ್ನು ತಿಂಗಳುಗಳ ಮೇಲೆ ಮೊದಲ ಬಾರಿ ನೋಡಿದಳು. ಮಂಡಿಯೂರಿ ಅವನ ತಲೆ ಎತ್ತಿಕೊಂಡಳು.

"ಇದಕ್ಕಾ?" ಎಂದಳು. "ಇಷ್ಟಕ್ಕಾ ನನ್ನ ಕೆನ್ನೆ?"

ಅವನು ಉತ್ತರ ಕೊಡಲು ಬಾಯಿ ತೆರೆದ. ಮಾತಿನ ಬದಲು ಕರಿಯ ರಕ್ತದ ವಾಂತಿ ಅವಳ ಮಡಿಲಿಗೆ ಬಿತ್ತು.

ಆಸ್ಪತ್ರೆಯಲ್ಲಿ ಅವನ ತೋಳಿಗೆ ರಕ್ತ ಏರಿಸಿದರು, ಮೂಗಿಗೆ ಬಟ್ಟೆ ತುರುಕಿದರು, ಹೊಟ್ಟೆಯೊಳಗೆ ಕೊಳವೆ ಇಳಿಸಿ ಹುಣ್ಣು ನೋಡಿದರು. ಮೂರನೆಯ ದಿನ ಅವನು ಕಣ್ಣು ತೆರೆದು ಮಾತಾಡುವಂತಾದಾಗ ಮಂಚದ ಸುತ್ತ ಅಪ್ಪ, ಅಮ್ಮ, ಹೆಂಡತಿ ಮೂವರೂ ಇದ್ದರು. ಚಿಕ್ಕವನು ಬಾಗಿಲ ಬಳಿ, ಕೊರಳಿಗೆ ಜೋಲಿ ಕಟ್ಟಿದ ತೋಳಿನೊಂದಿಗೆ, ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿದ್ದ.

ವೈದ್ಯೆ ನಡುವಯಸ್ಸಿನ, ದನಿ ದೊಡ್ಡದಾದ ಹೆಂಗಸು. ಚೀಲಗಳ ನಡುವಿನಿಂದ ಸೊಸೆ ಹುಡುಕಿ ತಂದಿದ್ದ ಖಾಲಿ ಹಾಳೆಗಳನ್ನು ಹಾಸಿಗೆಯ ಮೇಲೆ ಸುರಿದಳು.

"ಇದೆಲ್ಲ ನೀವೊಬ್ರೇ ತಿಂದದ್ದಾ? ಆನೆಗೂ ಇಷ್ಟು ಕೊಡಲ್ಲ. ಯಾರು ಹೇಳಿದ್ರು?"

"ಮೊಬೈಲಲ್ಲಿ ಇತ್ತು," ಎಂದ ಮೂಗಿನ ಬಟ್ಟೆಯೊಳಗಿನಿಂದ. "ಈಸ್ಟ್ರೊಜೆನ್ ತಗ್ಗುತ್ತೆ ಅಂತ."

"ತಗ್ಗಿದ್ದು ನಿಮ್ಮ ರಕ್ತ. ಆಸ್ಪಿರಿನ್ನು ರಕ್ತ ಹೆಪ್ಪುಗಟ್ಟೋದನ್ನ ತಡೆಯುತ್ತೆ, ಹೊಟ್ಟೇಲಿ ಹುಣ್ಣು ಮಾಡುತ್ತೆ. ಎದೆಗೆ ಅದು ಔಷಧಿಯಲ್ಲ. ನಿಮಗೆ ತಮ್ಮ ಹೊಡೆದದ್ದು ಮೂಗಿಗೆ; ಸಾಯ್ತಾ ಇದ್ದದ್ದು ಮಾತ್ರೆಯಿಂದ." ಅವಳು ಅಪ್ಪನ ಕಡೆ ತಿರುಗಿದಳು. "ಗಂಡಸರಿಗೆ ಎದೆ ಬೆಳೆಯೋದು ನೀವಂದುಕೊಂಡಷ್ಟು ಅಪರೂಪ ಅಲ್ಲ, ಯಜಮಾನ್ರೇ. ನನ್ನ ಹತ್ತಿರ ಬರ್ತಾನೇ ಇರ್ತಾರೆ. ಕಾರಣ ಹುಡುಕಬೇಕು, ಅಷ್ಟೇ. ಇವರ ರಕ್ತದಲ್ಲಿ ಈಸ್ಟ್ರೊಜೆನ್ ಹೆಚ್ಚಿದೆ, ಮೈಯೊಳಗೆ ಅದಕ್ಕೆ ಕಾರಣ ಏನೂ ಕಾಣ್ತಿಲ್ಲ. ಎಲ್ಲಿಂದಲೋ ಹೊರಗಿಂದ ಹೋಗ್ತಿದೆ. ಬೇರೆ ಯಾವ ಮಾತ್ರೆ, ಪುಡಿ, ಟಾನಿಕ್ಕು?"

"ಏನೂ ಇಲ್ಲ."

"ಮೈಗೆ ಹಚ್ಚೋದು?"

"ಸುಟ್ಟಗಾಯದ ಮುಲಾಮು. ಅದು ಮೊದಲಿಂದಲೂ ಹಚ್ತೀನಿ."

"ಅದನ್ನ ತನ್ನಿ, ನೋಡೋಣ."

ಹೆಂಡತಿ ಎದ್ದಳು. "ಬಚ್ಚಲಲ್ಲಿದೆ, ಕೆಂಪು ಮುಚ್ಚಳದ್ದು. ಈಗಲೇ ತರ್ತೀನಿ."

"ಬೇಡ," ಎಂದಳು ಅಮ್ಮ.

ಎಲ್ಲರೂ ತಿರುಗಿ ನೋಡಿದರು. ಅಮ್ಮ ಗೋಡೆಗೆ ಒರಗಿ ನಿಂತಿದ್ದಳು, ಮುಖ ಸುಣ್ಣದಂತಾಗಿತ್ತು.

"ಅದು ಸುಟ್ಟಗಾಯದ್ದಲ್ಲ. ಆ ಮುಲಾಮು ಎಂದೋ ಮುಗೀತು. ಅದು... ಅದು ನನ್ನದು. ಮುಟ್ಟು ನಿಂತ ಮೇಲೆ ನನಗೆ ಒಳಗೆ ಉರಿ, ಕೂರಕ್ಕಾಗಲ್ಲ, ನೀರು ಹಾಕ್ಕೊಂಡ್ರೆ ಪ್ರಾಣ ಹೋಗುತ್ತೆ. ಹೆಂಗಸರ ಡಾಕ್ಟ್ರು ಹಚ್ಚೋಕೆ ಕೊಟ್ರು. ಟ್ಯೂಬಿನ ಮೇಲೆ ಎಲ್ಲ ಬರೆದಿತ್ತು. ಗಂಡಸರು ಓಡಾಡೋ ಮನೆ, ಯಾರಾದ್ರೂ ಓದಿದ್ರೆ ಅಂತ ಹಳೇ ಡಬ್ಬಿಗೆ ತುಂಬಿಟ್ಟೆ. ಬೇಗ ಬೇಗ ಮುಗೀತಿತ್ತು. ಯಾರು ತೆಗೆದ್ರಿ ಅಂತ ಕೇಳೋದು ಹೇಗೆ? ಮತ್ತೆ ತಂದು ತುಂಬ್ತಿದ್ದೆ."

ವೈದ್ಯೆ ನಿಟ್ಟುಸಿರು ಬಿಟ್ಟಳು. "ಅದರಲ್ಲಿ ಇರೋದೇ ಈಸ್ಟ್ರೊಜೆನ್. ನಿಮಗೆ ಬೇಕಾದದ್ದು ಬೆರಳ ತುದಿಯಷ್ಟು. ಇವರು ಸುಲಿದ ಚರ್ಮಕ್ಕೆ ಮೊಣಕೈವರೆಗೂ ಬಳೀತಿದ್ರು. ದೋಣಿಗೆ ಒಂದು ಕೈಲಿ ತಾವೇ ನೀರು ಹುಯ್ಕೊಂಡು, ಇನ್ನೊಂದು ಕೈಲಿ ಮೊಗೆದು ಹಾಕೋ ಹಾಗೆ." ಮಗನ ಕಡೆ ನೋಡಿದಳು. "ನಿಲ್ಲಿಸಿದ್ರೆ ನಿಧಾನಕ್ಕೆ ಇಳಿಯೋ ಸಾಧ್ಯತೆ ಇದೆ. ಇಳೀದಿದ್ರೆ ತಗ್ಗಿಸೋ ಔಷಧಿ ಬೇರೆ ಇದೆ, ಶಸ್ತ್ರಚಿಕಿತ್ಸೆ ಇದೆ. ಅದನ್ನ ನಾನು ನೋಡ್ಕೋತೀನಿ, ನಿಮ್ಮ ಮೊಬೈಲಲ್ಲ."

ಅಪ್ಪನಿಗೆ ಈ ಕೊನೆಯ ಮಾತುಗಳು ಕೇಳಿಸಿದವೋ ಇಲ್ಲವೋ. ಅವನು ಅಮ್ಮನನ್ನೇ ನೋಡುತ್ತಿದ್ದ.

"ನೀನಾ?" ಎಂದ. "ನನ್ನ ಮಗನ್ನ ಹೆಂಗಸು ಮಾಡಿದ್ದು ನೀನಾ? ಮುದುಕಿ, ನಿನಗೆ ಈ ವಯಸ್ಸಲ್ಲಿ ಅದೆಲ್ಲಾ..." ಕೈ ಎದ್ದಿತು, ಬಿತ್ತು. ಅಮ್ಮನ ತಲೆ ಗೋಡೆಗೆ ಬಡಿಯಿತು.

ದೊಡ್ಡವನು ಹಾಸಿಗೆಯಿಂದ ಚಿಮ್ಮಿದ. ಆದರೆ ತೋಳಿನ ಸೂಜಿ ಕಿತ್ತುಬಂದು, ಬಾಟಲಿ ತೂಗುಹಾಕಿದ್ದ ಕಂಬಿ ಉರುಳಿ, ಅವನು ಅಲ್ಲೇ ಮಂಚದಂಚಿಗೆ ಕುಸಿದ. ವೈದ್ಯೆ ಅಮ್ಮನಿಗೆ ಅಡ್ಡ ನಿಂತು ಗುಡುಗಿದಳು: "ಇಲ್ಲಿ ಇನ್ನೊಂದು ಸಲ ಕೈ ಎತ್ತಿ ನೋಡಿ! ಪೊಲೀಸರು ಕೆಳಗೇ ಇದ್ದಾರೆ." ಅಪ್ಪ ಹೊರಟುಹೋದ. ಅಮ್ಮ ಮಗನ ತೋಳಿನ ರಕ್ತವನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು, ಯಾರ ಕಡೆಗೂ ನೋಡದೆ, "ಬಾಗಿಲು ತಗಲ್ತು," ಎಂದಳು.

ಮನೆಗೆ ಬಂದ ಮೇಲೆ ಅವನು ವಾರಗಟ್ಟಲೆ ಮಲಗಿದ. ಸಲಿಕೆ ಚಿಕ್ಕವನ ಕೈಗೆ ಹೋಗಿತ್ತು. ಒಂದೇ ಕೈಯಲ್ಲಿ ಭಟ್ಟಿ ನಡೆಸುವ ಅವನ ಬ್ರೆಡ್ಡು ಒಂದು ದಿನ ಹಸಿ, ಒಂದು ದಿನ ಇದ್ದಿಲು. ಒಂದು ಸಂಜೆ ಅವನು ಅಣ್ಣನ ಮಂಚದ ಬಳಿ ಒಂದು ತಟ್ಟೆ ಇಟ್ಟ.

"ತಿನ್ನು. ನಾನೇ ಬೇಯಿಸಿದ್ದು."

"ಇದನ್ನ ಬ್ರೆಡ್ಡು ಅಂತೀಯಾ? ಬಾಗಿಲು ತಡೆಗೆ ಇಡಬಹುದು."

"ಅದಕ್ಕೇ ಬೇಗ ಏಳು ಅನ್ನೋದು." ಚಿಕ್ಕವನು ಹೋಗುವವನಂತೆ ತಿರುಗಿ, ಬಾಗಿಲ ಬಳಿ ನಿಂತು, ಗೋಡೆಗೆ ಹೇಳುವಂತೆ ಹೇಳಿದ. "ಆ ಮಾತು ಆಡಬಾರದಿತ್ತು ಅಣ್ಣ. ಅಚ್ಚು ಬೇಕಾದ್ರೆ ಇನ್ನೊಂದು ಸಲ ಎಸೀತೀನಿ. ಆ ಮಾತು ಆಡಬಾರದಿತ್ತು."

ಹೆಂಡತಿ ಅವನಿಗೆ ಗಂಜಿ ಕುಡಿಸಿದಳು, ಮೂಗು ತೊಳೆದಳು, ಮಾತು ಮಾತ್ರ ಅಳೆದು ಆಡುತ್ತಿದ್ದಳು. ಒಂದು ದಿನ ಅವನೇ ಅವಳ ಕೆನ್ನೆಯತ್ತ ಕೈ ಚಾಚಿದಾಗ ಅವಳು ತಲೆ ಹಿಂದಕ್ಕೆ ಸರಿಸಿದಳು.

"ನಿಮ್ಮ ಎದೆ ವಾಸಿಯಾಗುತ್ತಂತೆ. ಡಾಕ್ಟ್ರು ಹೇಳಿದ್ರಲ್ಲ. ಆದರೆ ಆ ಐದು ಬೆರಳಿನ ಬಾಗಿಲು ನಿಮ್ಮಪ್ಪನಿಂದ ನಿಮಗೆ ಬಂದಿದೆ. ಅದಕ್ಕೆ ಯಾವ ಡಾಕ್ಟ್ರೂ ಇಲ್ಲ. ಇನ್ನೊಂದು ಸಲ ತಗಲಿದ್ರೆ ನಾನು ಇರಲ್ಲ. ಹೆದರ್ಸೋಕೆ ಹೇಳ್ತಿಲ್ಲ ರೀ, ಗೊತ್ತಿರಲಿ ಅಂತ."

"ತಗಲಲ್ಲ," ಎಂದ.

"ನೋಡೋಣ," ಎಂದು ಅವಳು ಬಟ್ಟಲು ಎತ್ತಿಕೊಂಡಳು. "ಅತ್ತೆ ಔಷಧಿ ಬಿಟ್ಟಿದ್ದಾರೆ. ಡಬ್ಬೀನ ಭಟ್ಟಿಗೆ ಹಾಕಿದ್ರು. ಕೂರೋಕಾಗದೆ ನಿಂತೇ ಉಣ್ತಾರೆ. ಬಚ್ಚಲಲ್ಲಿ ನೀರು ಬಿಟ್ಕೊಂಡು ಅಳ್ತಾರೆ, ನಮಗೆ ಕೇಳಬಾರದು ಅಂತ. ಕೇಳುತ್ತೆ."

ಮಾರನೆಯ ದಿನ ಅವನು ಎದ್ದು, ಗೋಡೆ ಹಿಡಿದು ನಡೆದು, ಓಣಿಯ ಮೆಡಿಕಲ್ ಶಾಪಿಗೆ ಹೋದ. ದೂರದ ಅಂಗಡಿಗಳಿಗಲ್ಲ. ಅಲ್ಲಿ ಬೇಕರಿಯ ಗಿರಾಕಿಗಳೇ ಇಬ್ಬರು ಮೂವರು ನಿಂತಿದ್ದರು; ಅಂದು ಕತ್ತು ಚಾಚಿದ್ದವನೂ ಇದ್ದ. ದೊಡ್ಡವನು ಆಸ್ಪತ್ರೆ ಬಿಡುವಾಗ ವೈದ್ಯೆ ಬರೆದುಕೊಟ್ಟಿದ್ದ ಹೆಸರನ್ನು ಓದಿ ಹೇಳಿದ.

ಅಂಗಡಿಯವನು ಗೊಂದಲಗೊಂಡ. "ಇದು ಹೆಂಗಸರಿಗೆ ಅಲ್ವಾ?"

"ಹೌದು. ನಮ್ಮಮ್ಮನಿಗೆ. ಮುಟ್ಟು ನಿಂತಿದೆ, ಉರಿ." ಅವನ ಧ್ವನಿ ಭಟ್ಟಿಯ ಸದ್ದಿನ ಮೇಲೆ ಕೂಗಿ ರೂಢಿಯಾದ ಧ್ವನಿ. ರಸ್ತೆಯವರೆಗೂ ಕೇಳಿಸಿತು.

ಅಂಗಡಿಯವನು ಅವಸರವಾಗಿ ಪೆಟ್ಟಿಗೆಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತತೊಡಗಿದ.

"ಸುತ್ತಬೇಡಿ. ಹಾಗೇ ಕೊಡಿ. ಒಂದು ಸುಟ್ಟಗಾಯದ ಮುಲಾಮೂ ಕೊಡಿ, ಹಳದಿಯದು."

ಅಮ್ಮನ ಪೆಟ್ಟಿಗೆಯನ್ನು ಅವನು ಅಡುಗೆಮನೆಯ ಹಲಗೆಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕ, ಹೆಸರು ಹೊರಕ್ಕೆ ಕಾಣುವಂತೆ ಇಟ್ಟ. ಅಮ್ಮ ಅದನ್ನು ನೋಡಿ ಕೈಯಲ್ಲಿದ್ದ ಚಮಚ ಬಿಟ್ಟಳು. ಆ ಮಧ್ಯಾಹ್ನ ಪೆಟ್ಟಿಗೆಯ ಬಾಯಿ ತೆರೆದಿತ್ತು, ಜಾಗ ಬದಲಾಗಿರಲಿಲ್ಲ.

ಅಪ್ಪ ಅಡುಗೆಮನೆಗೆ ಬರುವುದು ಊಟಕ್ಕೆ ಮಾತ್ರ. ಹಲಗೆಯ ಮೇಲೆ ಏನಿದೆಯೆಂದು ಅವನು ಎಂದೂ ನೋಡಿದವನಲ್ಲ. ಆದರೆ ಓಣಿಗೆ ಬಾಯಿಯಿದೆ. ದೊಡ್ಡವನು ಮತ್ತೆ ಕೆಲಸಕ್ಕೆ ಬಂದ ಬೆಳಗ್ಗೆ, ಗಲ್ಲಾದ ಮುಂದೆ ಯಾರೋ ನಗುತ್ತ, "ಯಜಮಾನ್ರೇ, ಮನೆಯವರ ಉರಿ ಹೇಗಿದೆ?" ಎಂದರು.

ಒಳಗೆ ದೊಡ್ಡವನು ಅಂಗಿ ಬಿಚ್ಚಿ ಮೊಳೆಗೆ ತೂಗುಹಾಕಿದ್ದ. ಯಾರೂ ಹೇಳಿರಲಿಲ್ಲ. ಎದೆ ಇನ್ನೂ ಹಾಗೆಯೇ ಇತ್ತು. ನಾದುವವರು ಕಣ್ಣನ್ನು ಹಿಟ್ಟಿನಲ್ಲೇ ನೆಟ್ಟಿದ್ದರು. ಚಿಕ್ಕವನು ಸಲಿಕೆಯನ್ನು ಅಣ್ಣನ ಕೈಗೆ ಕೊಟ್ಟು ತೊಟ್ಟಿಯ ಬಳಿಗೆ ಹೋದ. ಮೊದಲ ಸಾಲು ಒಳಗೆ ಸೇರಿತ್ತು.

ಅಪ್ಪ ಗಲ್ಲಾದಿಂದ ನೇರವಾಗಿ ಅಡುಗೆಮನೆಗೆ ನುಗ್ಗಿದ. ಡಬ್ಬಿಗಳು ಉರುಳಿದ ಸದ್ದು. ಹೊರಬಂದಾಗ ಕೈಯಲ್ಲಿ ಆ ಪೆಟ್ಟಿಗೆಯಿತ್ತು. ಹಿಂದೆ ಹೊಸ್ತಿಲಲ್ಲಿ ಅಮ್ಮ, ಅವಳ ಹಿಂದೆ ಸೊಸೆ.

"ಊರೆಲ್ಲಾ ಸಾರಿ ಬಂದ್ಯಾ? ಮಾನ ಅನ್ನೋದನ್ನ ಮಾರಿ ಬಂದ್ಯಾ? ಇದರ ಜಾಗ ಇಲ್ಲಿ!" ಎಂದು ಭಟ್ಟಿಯ ಬಾಯಿಗೆ ಕೈ ಬೀಸಿದ.

ದೊಡ್ಡವನು ಸಲಿಕೆಯನ್ನು ಗೋಡೆಗೆ ಒರಗಿಸಿ ಆ ಮಣಿಕಟ್ಟನ್ನು ಹಿಡಿದ.

"ಬಿಡೋ."

"ಪೆಟ್ಟಿಗೆ ಬಿಡಿ, ಕೈ ಬಿಡ್ತೀನಿ."

ಅಪ್ಪನ ಇನ್ನೊಂದು ಕೈ ಅವನ ಮುಖಕ್ಕೆ ಬಿತ್ತು. ಇನ್ನೂ ಕೂಡದ ಮೂಗಿನ ಮೂಳೆಯಲ್ಲಿ ಬೆಂಕಿ ಹಾದಂತಾಯಿತು. ಮತ್ತೆ ಬಿತ್ತು. ಆ ಬಳಿಕ ಮುಷ್ಟಿಯಾಗಿ ಎದೆಗೆ, ಸರಿಯಾಗಿ ಆ ಗಂಟಿನ ಮೇಲೆ ಬಿತ್ತು. ಅವನ ಕಣ್ಣು ಕತ್ತಲಿಟ್ಟಿತು. ಬಿಡುವಿದ್ದ ತನ್ನ ಬಲಗೈ ತಾನಾಗಿ ಮೇಲೇಳುವುದನ್ನು ಅವನು ಕಂಡ. ಹೊಸ್ತಿಲಲ್ಲಿ ಹೆಂಡತಿ ಆ ಕೈಯನ್ನೇ ನೋಡುತ್ತಿದ್ದಳು. ಅವನು ಆ ಕೈಯನ್ನೂ ತಂದು ಅಪ್ಪನ ಮಣಿಕಟ್ಟಿನ ಮೇಲೆಯೇ ಇಟ್ಟು, ಎರಡು ಕೈಯಿಂದ ಹಿಡಿದು ನಿಂತ.

"ಹೊಡೀರಿ," ಎಂದ. "ಬಿಡಲ್ಲ."

"ಅಪ್ಪಾ! ಬ್ರೆಡ್ಡು ಸೀಯ್ತಿದೆ!" ಚಿಕ್ಕವನು ಅರಚಿದ.

ಭಟ್ಟಿಯ ಬಾಯಿಂದ ಕಪ್ಪು ಹೊಗೆ ಸುರುಳಿಯಾಗಿ ಹೊರಟಿತ್ತು. ಜೀವಮಾನದ ರೂಢಿ ಕೋಪಕ್ಕಿಂತ ದೊಡ್ಡದು. ಅಪ್ಪನ ಬೆರಳು ಸಡಿಲವಾಯಿತು, ಪೆಟ್ಟಿಗೆ ಹಿಟ್ಟಿನ ಧೂಳಿನಲ್ಲಿ ಬಿತ್ತು. ಅವನು ಸಲಿಕೆ ಕಿತ್ತುಕೊಂಡು ಬೆಂಕಿಯ ಮುಂದೆ ಬಾಗಿದ. ಗಲ್ಲಾದಲ್ಲಿ ಕೂರುವವನ ಅಗಲ ತೋಳಿನ ಬಿಳಿಯ ಅಂಗಿ ಅವನ ಮೈಮೇಲೆಯೇ ಇತ್ತು.

"ಅಂಗಿ ಬಿಚ್ಚಿ!"

ಆ ಮನೆಯಲ್ಲಿ ಅಮ್ಮನ ಧ್ವನಿ ಅಷ್ಟು ಎತ್ತರಕ್ಕೆ ಏರಿದ್ದನ್ನು ಯಾರೂ ಕೇಳಿರಲಿಲ್ಲ. ಅಪ್ಪ ಬಾಗಿದಲ್ಲೇ ನಿಂತ.

"ಭಟ್ಟಿ ಮುಂದೆ ಅಂಗಿ ತೊಡಬಾರದು. ಬಿಚ್ಚಿ, ಇಲ್ಲಾಂದ್ರೆ ದೂರ ನಿಲ್ಲಿ. ಈ ಮನೇಲಿ ಇನ್ನೊಂದು ಹೆಣ ಸುಡೋದು ಬೇಡ."

ಅಪ್ಪನ ಕೈ ಕೊರಳ ಗುಂಡಿಯವರೆಗೆ ಹೋಯಿತು. ಗಲ್ಲಾದ ಆಚೆ ಗಿರಾಕಿಗಳು ನೋಡುತ್ತಿದ್ದರು. ಕೈ ಅಲ್ಲೇ ನಿಂತಿತು, ಇಳಿಯಿತು. ಅವನು ಸಲಿಕೆಯನ್ನು ಪಕ್ಕಕ್ಕೆ ಚಾಚಿದ, ಯಾರಿಗೆಂದು ನೋಡದೆ. ದೊಡ್ಡವನು ತೆಗೆದುಕೊಂಡ. ಬರಿಯ ಎದೆಯ ಮೇಲೆ ಬೆಂಕಿಯ ಬೆಳಕು ಬಿದ್ದಿರುವಂತೆಯೇ ಬಾಗಿ, ಮೂಗಿನಿಂದ ತೊಟ್ಟಿಕ್ಕುತ್ತಿದ್ದುದನ್ನು ಭುಜಕ್ಕೆ ಒರೆಸುತ್ತ, ಒಂದೊಂದಾಗಿ ಹೊರಗೆಳೆದ.

"ತಳ ಸೀದಿದೆ," ಎಂದ ಚಿಕ್ಕವನು, ಮೊದಲನೆಯದನ್ನು ತಿರುಗಿಸಿ ನೋಡಿ.

"ಕೆರೆದು ತಿನ್ನೋಣ," ಎಂದಳು ಅಮ್ಮ. ಪೆಟ್ಟಿಗೆಗೆ ಅಂಟಿದ ಹಿಟ್ಟನ್ನು ಕೊಡವಿ, ಒಳಗೆ ಹೋಗಿ, ಉಪ್ಪಿನ ಡಬ್ಬಿಯನ್ನು ಎತ್ತಿ ನಿಲ್ಲಿಸಿ, ಅದರ ಪಕ್ಕದಲ್ಲಿ ಮೊದಲಿದ್ದಂತೆಯೇ ಇಟ್ಟಳು.